ತೂಕದಲ್ಲಿ ವ್ಯತ್ಯಾಸ

ಬೀಗದ ಕೈ ನನ್ನ ಹತ್ತಿರ ಇರುತ್ತದೆ,
ಕೋಟಿನ ಒಳಜೇಬಲ್ಲಿ, ನೆಗಡಿ ಗುಳಿಗೆಗಳ ಜೊತೆ.
ಕಾಮಿಹೊರೊ ಗಣಿ ವಸ್ತುಸಂಗ್ರಹಾಲಯ. ಮೊದಲು ಇದು ಶಾಲೆ.
ಆ ಮೂಲೆಯಲ್ಲಿ ನಾನು ಮಗ್ಗಿ ತಪ್ಪಿ ನಿಂತಿದ್ದೆ;
ಈಗ ಖಜಾಂಚಿ. ಖಜಾನೆ ಒಂದು ಬಿಸ್ಕತ್ತಿನ ಡಬ್ಬಿ.

ಪಟ್ಟಣ ದಿವಾಳಿ ಎದ್ದ ವರ್ಷ
ಅಧಿಕಾರಿ ಬಂದು ಸೊಂಟದವರೆಗೆ ಬಾಗಿ ವಂದಿಸಿ,
ಬಾಗಿದಲ್ಲಿಂದಲೇ ಹೇಳಿದ: ಇನ್ನು ಸಂಬಳವಿಲ್ಲ, ಎಣ್ಣೆಯಿಲ್ಲ,
ಇಷ್ಟವಿದ್ದರೆ ನೀವೇ ನಡೆಸಿಕೊಳ್ಳಿ.
ಇಷ್ಟವಿತ್ತೇ? ನಾವು ಒಬ್ಬರನ್ನೊಬ್ಬರು ಕೇಳಿಕೊಳ್ಳಲೇ ಇಲ್ಲ.
ಹನ್ನೊಂದು ಜನ ಇದ್ದೆವು. ಈಗ ನಾಲ್ಕು.
ಹೋದವರಲ್ಲಿ ಮೂವರು ಗೋಡೆಯ ಮೇಲಿದ್ದಾರೆ, ಕಟ್ಟು ಹಾಕಿಸಿಕೊಂಡು.
ಅವರ ಧೂಳು ಒರೆಸುವ ಪಾಳಿ, ಗುರುವಾರ, ನನ್ನದು.

ಇಲ್ಲಿ ಹಿಮ ಬೀಳುವುದಿಲ್ಲ, ಕೂರುತ್ತದೆ,
ಕರೆಯದೆ ಬಂದ ನೆಂಟನಂತೆ, ಮಾರ್ಚ್ ಕಳೆದರೂ ಏಳದೆ.
ಮಾಡು ಮುರಿಯದಂತೆ ಸಲಿಕೆ ಹಿಡಿದು ಹತ್ತುವವರು ಕುವಾಬಾರಾ,
ಎಂಬತ್ತನಾಲ್ಕು. ಬೇಡ ಎಂದರೆ,
‘ಆರುನೂರು ಮೀಟರ್ ಕೆಳಗಿಳಿದವನಿಗೆ
ಇದೇನು ಮಹಾ ಎತ್ತರ!’
ಉಳಿದ ಮೂವರೂ ಏಣಿ ಹಿಡಿದು ನಿಲ್ಲುತ್ತೇವೆ.
ಏಣಿಯೂ ಪ್ರದರ್ಶನದ್ದೇ. ನಂಬರು ೨೧೨.

ಸಂದರ್ಶಕರ ಪುಸ್ತಕ, ಜನವರಿ: ಸೊನ್ನೆ, ಸೊನ್ನೆ, ಸೊನ್ನೆ,
ಒಂದು (ಶೌಚಾಲಯ ಕೇಳಿಕೊಂಡು ಬಂದ ಲಾರಿಯವನು.
ಒನೊದೆರಾ ಅವನನ್ನೂ ಬಿಡಲಿಲ್ಲ,
ದೀಪಗಳನ್ನು ತೋರಿಸಿಯೇ ಕಳಿಸಿದಳು).

ಫೆಬ್ರವರಿಯಲ್ಲಿ ಪಕ್ಕದೂರಿನ ಶಾಲೆಯಿಂದ ಪತ್ರ:
ಒಂಬತ್ತು ಮಕ್ಕಳು, ಬುಧವಾರ, ಹತ್ತು ಗಂಟೆಗೆ.
ಸೀಮೆಎಣ್ಣೆ ತಳ ಕಂಡಿತ್ತು. ಡಬ್ಬಿಯೂ.
ಹೊರಗೆ ಸೊನ್ನೆಗಿಂತ ಹದಿನಾರು ಕೆಳಗೆ, ಒಳಗೆ ಅದಕ್ಕಿಂತ ಮೂರು ಮೇಲೆ.

ಇದ್ದದ್ದು ನಂಬರು ೩೮, ಎರಕದ ಒಲೆ, ‘ಮುಟ್ಟಬೇಡಿ.’
ಮತ್ತೆ ನಂಬರು ೧.
ಗಾಜಿನೊಳಗೆ, ಬಿಳಿ ಬಟ್ಟೆಯ ಮೇಲೆ,
ಕೊನೆಯ ಪಾಳಿಯ ಕೊನೆಯ ಬಂಡಿಯ ಇದ್ದಲು,
ಅರವತ್ತೊಂದು ಕಿಲೋ, ಒಂದೇ ಗಟ್ಟಿ.

‘ಕಾಯುವುದು ನಮ್ಮ ಕೆಲಸ’ ಎಂದರು ಕಾರ್ಯದರ್ಶಿ ಸುಗಿಮೊರಿ.
ಕುವಾಬಾರಾ ಉಳಿ ಹುಡುಕುತ್ತಿದ್ದರು.
‘ಹೌದು. ಮೂವತ್ತು ವರ್ಷ ಅದನ್ನು ನಾವು ಕಾದೆವು.
ಒಂದು ದಿನ ಅದೂ ಕಾಯಲಿ.’

ಮೊದಲ ಏಟಿಗೆ ನಾನು ಕಣ್ಣು ಮುಚ್ಚಿದೆ.
ಪಾಪದ ಸದ್ದಾಗಲಿಲ್ಲ. ಹಪ್ಪಳ ಮುರಿದ ಸದ್ದು.

ಮಕ್ಕಳು ಬಂದರು, ಮೂಗು ಕೆಂಪು, ಬಾಯಿಂದ ಹೊಗೆ.
‘ಕಲ್ಲು ಉರಿಯುತ್ತದಾ?’ ಎಂದ ಒಬ್ಬ.
ಯಾರೂ ಉತ್ತರ ಕೊಡಲಿಲ್ಲ. ಒಲೆಯೇ ಕೊಟ್ಟಿತು.
ಒಬ್ಬೊಬ್ಬರಾಗಿ ಕೈಗವಸು ಕಳಚಿದರು,
ಮತ್ತೆ ಆ ವಾಸನೆ, ಗಂಧಕ, ಒದ್ದೆ ಉಣ್ಣೆ, ಅಪ್ಪಂದಿರು...

ಒನೊದೆರಾ ಎದ್ದಳು. ಹತ್ತೊಂಬತ್ತನೆಯ ವಯಸ್ಸಿಂದ
ದೀಪಕೋಣೆಯ ಕಿಟಕಿಯಲ್ಲಿ ನಿಂತವಳು,
ಮುಖಗಳನ್ನಲ್ಲ, ನಂಬರುಗಳನ್ನು ಬಲ್ಲವಳು.
ಕಪಾಟು ತೆರೆದು ಕರೆದಳು: ‘ನಾನೂರ ಹದಿನೇಳು!’
ಯಾರ ನಂಬರೋ. ಒಂದು ಪುಟ್ಟ ಕೈ ಮುಂದೆ ಬಂತು.
‘ನಾನೂರ ಇಪ್ಪತ್ತು!’ ಇನ್ನೊಂದು.
ಒಂಬತ್ತು ದೀಪ, ಒಂಬತ್ತು ಕೈ, ಒಂದೇ ಮಾತು:
‘ಮೇಲೆ ಬಂದ ಕೂಡಲೇ ತಂದುಕೊಡಬೇಕು.’
ಸುಗಿಮೊರಿ ‘ಮುಟ್ಟಬೇಡಿ’ ಚೀಟಿಯನ್ನು
ಮೆಲ್ಲಗೆ ಮಗುಚಿ ಇಟ್ಟರು.

ಬಸ್ಸು ಹೋದ ಮೇಲೆ ಒನೊದೆರಾ ದೀಪಗಳನ್ನು ಎಣಿಸಿದಳು.
ಒಂಬತ್ತು. ಮತ್ತೆ ಎಣಿಸಿದಳು.
ಎರಡು ಸಲ ಏಕೆಂದು ಈ ಊರಲ್ಲಿ ಯಾರೂ ಕೇಳುವುದಿಲ್ಲ.

ಸಂಜೆ ಸುಗಿಮೊರಿ ದಫ್ತರ ತೆರೆದರು:
ನಂಬರು ೧. ತೂಕದಲ್ಲಿ ವ್ಯತ್ಯಾಸ: ನಾಲ್ಕು ಕಿಲೋ.
ಕಾರಣ ಎಂಬಲ್ಲಿ ‘ನಷ್ಟ’ ಎಂದು ಬರೆದು,
ಹೊಡೆದುಹಾಕಿ, ಬಹಳ ಹೊತ್ತು ಪೆನ್ನು ಕಚ್ಚಿ,
‘ಬಳಕೆ’ ಎಂದರು.

ನಾನು ಖಜಾಂಚಿ, ಲೆಕ್ಕ ಹಾಕಿದೆ.
ಉಳಿದದ್ದು ಐವತ್ತೇಳು. ವರ್ಷಕ್ಕೆ ನಾಲ್ಕರಂತೆ
ಹದಿನಾಲ್ಕು ಚಳಿಗಾಲ, ಮೇಲೊಂದು ಚೂರು.
ನಮ್ಮ ನಾಲ್ವರಿಗೆ ಧಾರಾಳ ಸಾಕು.