ಬಬ್ಬೂರಿಗೆ ಹೋಗಿ ಬಂದದ್ದು

ಕೃಷಿ ಮೇಳಕ್ಕೆ ಓಬಕ್ಕ ತಂದದ್ದು
ಚೌಕಳಿ ಕರವಸ್ತ್ರದಲ್ಲಿ ಎರಡು ಹಿಡಿ ಎರೆಮಣ್ಣು.
ಬಸ್ಸು ಕುಲುಕಿದಾಗೆಲ್ಲ
ಕೂಸಿಗೆ ಹಿಡಿದಂತೆ ಅಂಗೈ ಅಡ್ಡ ಹಿಡಿದಳು.

'ಸರ್ವೆ ನಂಬರ್?' ಎಂದ ಮಣ್ಣು ಪರೀಕ್ಷೆಯ ಹುಡುಗ.
'ಹುಣಸೆಮರದ ಹೊಲ.'
'ನಂಬರಮ್ಮಾ, ನಂಬರು.'
'ಊರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರಪ್ಪ.'
ಅವನು ಹಾಗೇ ಬರೆದುಕೊಂಡ.

ಅಷ್ಟರಲ್ಲಿ ನೆತ್ತಿಯ ಮೇಲೆ ಡ್ರೋನು,
ಔಷಧಿ ಹೊಡೆಯೋದು ಹೀಗೆ ಎಂದು
ಬರೀ ನೀರು ಉದುರಿಸಿತು.
ಜನ ಹೋ ಎಂದರು. ಸೀಮೆಹಸುಗಳ ಸಾಲಲ್ಲಿ
ಒಂದು ಕರು ಹಗ್ಗ ಕಿತ್ತು ಓಡಿತು.
ಓಬಕ್ಕ ಮಾತ್ರ ಸೆರಗನ್ನು
ತಲೆಗಲ್ಲ, ಗಂಟಿಗೆ ಹೊದಿಸಿದಳು:
'ನೆಂದ್ರೆ ಲೆಕ್ಕ ತಪ್ಪಲ್ವೇನೆ?'

ಫಲಿತಾಂಶ ಹದಿನೈದು ದಿನಕ್ಕೆ, ಮೊಬೈಲಿಗೆ.
ನನ್ನ ನಂಬರು ಕೊಟ್ಟೆ.
ಅವಳು ವಸ್ತ್ರ ವಾಪಸು ಇಸಕೊಂಡು
ಎರಡು ಸಲ ಕೊಡವಿದಳು.

ಸಂಜೆ ಗೇಟಿನ ಹೊರಗೆ ಪೊಟ್ಟಣ ಹರಿದು,
ಖಾರಮಂಡಕ್ಕಿಯನ್ನು ಅದರಲ್ಲೇ ಕಟ್ಟಿದೆವು.
ಹಿರಿಯೂರು ದಾಟುವಾಗ ಬಿಚ್ಚಿ ತಿಂದರೆ
ಹಲ್ಲಿಗೆ ಕರಕರ.
'ಉಪ್ಪು ಕಮ್ಮಿ ಐತೆ' ಅಂದಳು ಓಬಕ್ಕ,
ಮಂಡಕ್ಕಿಯದೋ, ಹೊಲದ್ದೋ.