ಎಡಗಡೆಯ ಗುಂಡಿ

ನಮ್ಮನ್ನು ಹಾಸುಹೊಕ್ಕು ಅನ್ನಬೇಡಿ, ದಯಮಾಡಿ.
ಸೋಲಾಪುರದಲ್ಲಿ ಹಾಗಂದರೆ ನಗುತ್ತಾರೆ.
ಹಾಸೇ ಹೆಚ್ಚು ಹರಿಯುವುದು ಅಂತ ಇಲ್ಲಿ
ಶಾಲೆ ಬಿಟ್ಟ ಹುಡುಗನಿಗೂ ಗೊತ್ತು.

ಅಕ್ಕಲಕೋಟ ರೋಡಿನಲ್ಲಿ ಒಂದೂವರೆ ಖೋಲಿ, ಮೇಲೆ ತಗಡು.
ಗೋಡೆಯಾಚೆ ಟವೆಲು ನೇಯುವ ಇಪ್ಪತ್ತನಾಲ್ಕು ಮಗ್ಗ.
ಆ ಸದ್ದಿನೊಳಗೆ ಕೂಗಿ ಕೂಗಿ ಮಾತಾಡಿ
ಮನೆಯಲ್ಲೂ ಕೂಗುವುದೇ ರೂಢಿಯಾಯಿತು.
ನೆರೆಯವರು ದಿನಾ ಜಗಳ ಅಂದುಕೊಂಡರು.
ಅರ್ಧ ದಿನ ಜಗಳವೇ.

ಚನ್ನವೀರ ಡಬ್ಬಿ ಮಾಡಿದ, ಅಂಗೈಯಷ್ಟಗಲ.
ಮಗ್ಗದ ಕಾಲಿಗೆ ಕಟ್ಟಿದರೆ ಹೊಡೆತ ಎಣಿಸುತ್ತದೆ,
ಮಗ್ಗ ನಿಂತರೆ ಮಾಲಕರ ಫೋನಿಗೆ ಸುದ್ದಿ.
ನಾನು ಮಾರಿದೆ.
ಬಿಲ್ಲು ಮರಾಠಿಯಲ್ಲಿ, ಚೌಕಾಶಿ ತೆಲುಗಿನಲ್ಲಿ,
ಬೈಗುಳ ಕನ್ನಡದಲ್ಲಿ, ಅದೂ ಹೊರಗೆ ಬಂದ ಮೇಲೆ.
"ಸಾಹೇಬ್ರು ಎಲ್ಲಿ?" ಎಂದವರಿಗೆ
"ಬೆಸುಗೆ ಹಾಕ್ಕೊಂತ ಕೂತಾರ, ರೇಟು ನನ್ನ ಹತ್ರ."
ಹನ್ನೊಂದು ಮಗ್ಗ ದೀಪಾವಳಿಗೆ ಮುನ್ನೂರಾಯಿತು,
ಒಂದನೇ ತಾರೀಖು ಪಗಾರಕ್ಕೆ ಏಳು ಜನ ನಿಂತರು.

ಪುಣೆಯಿಂದ ಹಣದವರು ಬಂದರು.
ನಲವತ್ತೊಂದು ಪುಟದ ಕರಾರು, ಹದಿನೇಳನೇ ಕಲಮು:
ಸಂಸ್ಥಾಪಕರ ವಿವಾಹ ಮುರಿದುಬಿದ್ದಲ್ಲಿ
ಷೇರುಗಳ ವಿಲೇವಾರಿ ಈ ಕೆಳಗಿನಂತೆ.
ಕಟಕ್ ರೊಟ್ಟಿ ಮುರಿಯುತ್ತ ಅವನು ಜೋರಾಗಿ ಓದಿದ.
"ಲಗ್ನದಾಗ ಯಾವ ಸ್ವಾಮಿನೂ
ಇಷ್ಟು ಬಿಡಿಸಿ ಹೇಳಿರಲಿಲ್ಲ ನೋಡು."
ನಕ್ಕೆವು. ಸಹಿಗೆ ಬಂದಾಗ ಪೆನ್ನು ತುಸು ತಡೆಯಿತು.
ಆ ಪುಟದ ಅಂಚಿಗೆ ಹಿಂಡಿಯ ಎಣ್ಣೆ ಮೆತ್ತಿದ ಬೆರಳ ಗುರುತು.
ಯಾರದೆಂದು ಇಂದಿಗೂ ಇತ್ಯರ್ಥವಾಗಿಲ್ಲ.

ಮೊದಲ ಡಬ್ಬಿ ಒಮ್ಮೆ ಮೂರು ದಿನ ಮೂಕಾಯಿತು.
ಹೋಗಿ ನೋಡಿದರೆ ಅಂಬಾದಾಸ ಅದರ ವಯರು ಕಿತ್ತು
ತನ್ನ ಫೋನು ಚಾರ್ಜಿಗೆ ಹಾಕಿದ್ದಾನೆ.
"ಅಕ್ಕಾ, ನನಗ ಸಕ್ಕರಿ ಬ್ಯಾನಿ.
ತಾಸಿಗೊಮ್ಮೆ ಒಂದಕ್ಕ ಹೋಗಬೇಕು.
ಅದನ್ನೂ ನಿಮ್ಮ ಡಬ್ಬಿ ಸೇಠಗ ಚಾಡಿ ಹೇಳ್ತೈತಿ."
ನಾನು ವಾದಿಸಿದೆ. ಚನ್ನವೀರ ಸುಮ್ಮನೆ ನಿಂತಿದ್ದ.

ವಾರ ಕಳೆದು ನಾನೇ ಅಂದೆ: ಒಂದು ಗುಂಡಿ ಇರಲಿ.
ಮಗ್ಗ ಯಾಕೆ ನಿಂತಿತೆಂದು ನೇಯುವವನೇ ಒತ್ತಿ ಹೇಳಲಿ.
ಒಮ್ಮೆ ಒತ್ತಿದರೆ ನೂಲು, ಎರಡು ಸಲ ಕರೆಂಟು,
ಮೂರು ಸಲ, ಮೈ.
"ಅದು ಗುಂಡಿ ಅಲ್ಲ,
ಕಂಪನಿಗೆ ನೀ ತೋಡೋ ಗುಂಡಿ," ಅಂದ.
ಬೋರ್ಡು ಬದಲು, ಅಚ್ಚು ಬದಲು, ಡಬ್ಬಿಗೆ ನಲವತ್ತು ರೂಪಾಯಿ.
ಸುದ್ದಿ ಕೇಳಿಯೇ ಗಜ್ಜಂ ಸೇಠರ ಇನ್ನೂರು ಮಗ್ಗ ಕೈಬಿಟ್ಟವು.
ಏಳು ಜನರೆದುರು ಅವನು ಬೇಡವೆಂದ,
ಏಳು ಜನರೆದುರು ನಾನು ಬೇಕೆಂದು ಬರೆಸಿದೆ.
ಸಹಿಯ ಕೆಳಗೆ ಇದ್ದದ್ದು ನನ್ನ ಹುದ್ದೆ.
ಸಂಜೆ ಅವನದೇ ಸ್ಕೂಟಿಯ ಹಿಂದೆ ಕೂತು ಮನೆಗೆ.
ಸಿದ್ಧೇಶ್ವರ ಕೆರೆ ದಾಟಿತು,
ಎಲ್ಲಿ ಹಿಡಿದುಕೊಳ್ಳಬೇಕು ತಿಳಿಯಲಿಲ್ಲ,
ಹಿಂದಿನ ಕಬ್ಬಿಣದ ಕಂಬಿ ಹಿಡಿದೆ.

ಎಂಟು ದಿನ ಆಫೀಸಿನಲ್ಲಿ ನಾನು "ಮ್ಯಾಡಮ್."
ಮನೆಯಲ್ಲಿ ಅದೂ ಇಲ್ಲ.
ರಾತ್ರಿ ಫೋನಿನ ಬೆಳಕಿಗೆ ಹದಿನೇಳನೇ ಕಲಮು ಮತ್ತೆ ಓದಿದೆ.
ಬಹಳ ಸ್ವಚ್ಛ ಬರೆದಿದ್ದರು. ಒಂದು ಅಲ್ಪವಿರಾಮ ಹೆಚ್ಚಿಲ್ಲ.

ಒಂಬತ್ತನೆಯ ಬೆಳಿಗ್ಗೆ ಮೇಜಿನ ಮೇಲೆ ಹೊಸ ಡಬ್ಬಿ.
ಗುಂಡಿ ಇತ್ತು, ಹಸಿರು.
ಒತ್ತಿ ನೋಡಿದೆ, ಮೂರು ಸಲ.
"ಎಡಕ್ಕ ಯಾಕ ಇಟ್ಟಿ?"
"ಅಂಬಾದಾಸ ಎಡಚ ಅದಾನ.
ನೀ ವಾದ ಮಾಡ್ಕೊಂತ ನಿಂತಾಗ
ನಾ ಅವನ ಕೈ ನೋಡಿದ್ನಿ."

ಈಗ ನಾಲ್ಕು ಸಾವಿರ ಮಗ್ಗ.
ಇಚಲಕರಂಜಿಯವರು ಬಲಗಡೆಗೆ ಬೇಕೆಂದು ತಗಾದೆ ತೆಗೆದಿದ್ದಾರೆ,
ಉತ್ತರ ಬರೆಯಬೇಕು, ಏನಂತ?
ಇವತ್ತು ರಜೆ, ಗೋಡೆಯಾಚೆ ಒಂದೂ ಮಗ್ಗ ಓಡುತ್ತಿಲ್ಲ.
ಆದರೂ ಒಳಗಿನಿಂದ ಅಷ್ಟೇ ಎತ್ತರದ ದನಿ:
"ಶೇಂಗಾ ಹಿಂಡಿ ಡಬ್ಬಿ ಎಲ್ಲಿ ಇಟ್ಟಿಯೇ?"