ತುಟಿ ಮುಚ್ಚುವ ಅಕ್ಷರ

ನಾಳಿದ್ದು ನನಗೆ ಬೀಳ್ಕೊಡುಗೆ.
ಲಿಮಾದ ಮಬ್ಬು ಹಗಲಲ್ಲಿ ಕಪಾಟು ಖಾಲಿ ಮಾಡುತ್ತಿದ್ದೇನೆ.
ಮೂವತ್ತೊಂದು ವರ್ಷದ ಸಂಕ್ರಮಣ ನ್ಯಾಯ
ಹದಿನೇಳು ರಟ್ಟಿನ ಡಬ್ಬಿಗಳಲ್ಲಿ ಹಿಡಿಸಿತು:
ಜಿನೀವಾದಲ್ಲಿ ಕೊರಳಿಗೆ ಹಾಕಿಕೊಂಡ ಹೆಸರುಪಟ್ಟಿಗಳು,
ಹೇಗ್‌ನಲ್ಲಿ ಕದ್ದ ಪೆನ್ಸಿಲ್ಲು,
ಗೆದ್ದಲಿಗೂ ಬೇಡವಾದ ವರದಿಗಳು,
ಮತ್ತೆ ನನ್ನ ಪುಸ್ತಕ. ಅದರ ನಾಲ್ಕನೆಯ ಅಧ್ಯಾಯ
ನನಗೆ ಕುರ್ಚಿ ಕೊಟ್ಟಿತು, ಬಹುಮಾನ ಕೊಟ್ಟಿತು,
ಕಾರಿಡಾರಿನಲ್ಲಿ ಎದುರಾದರೆ ಬದಿಗೆ ಸರಿಯುವ ವಿದ್ಯಾರ್ಥಿಗಳನ್ನು ಕೊಟ್ಟಿತು.

ಆ ಅಧ್ಯಾಯ ನಿಂತಿರುವುದು ಒಬ್ಬಳ ಹೆಗಲ ಮೇಲೆ.
ಪುಸ್ತಕದಲ್ಲಿ ಅವಳು ಸಾಕ್ಷಿ ನಲವತ್ತೆರಡು.
ಗುಡ್ಡದ ಮೇಲೆ, ಉಚುಯ್‌ಪಾತಾದಲ್ಲಿ, ಸತುರ್ನಿನಾ ಕೊರಾವಾ.
‘ಸೈನಿಕರು ನನ್ನ ಮಗನನ್ನು ಒಯ್ದರಂತೆ’
ಎಂದು ಸ್ಪ್ಯಾನಿಷಿನಲ್ಲಿ ಟೈಪಾಗಿತ್ತು.

ಅಂತೆ.
ಅದೊಂದರ ಮೇಲೆ ಐವತ್ತು ಪುಟ ಕಟ್ಟಿದೆ:
ಕೇಳಿದ್ದು ಕಂಡದ್ದಾಗುವ ಬಗೆ,
ಊರಿನ ದುಃಖ ಒಬ್ಬಳ ನೆನಪನ್ನು ಉಟ್ಟುಕೊಳ್ಳುವ ಬಗೆ.
ಪರಿಹಾರದ ಕಚೇರಿಯವರು ಅಷ್ಟೆಲ್ಲ ಓದಿದವರಲ್ಲ.
ಒಂದೇ ಸಾಲು ಗೀಚಿದರು: ಅಂತೆ ಕಂತೆ. ತಿರಸ್ಕೃತ.

ಐವತ್ತೆಂಟಕ್ಕೆ ಕೆಚುವಾ ಕಲಿಯಲು ಕೂತೆ.
ಮೇಷ್ಟ್ರು ಫೋರ್ತುನಾತೊ, ಇನ್ನೂ ಮೀಸೆ ಕಟ್ಟದ ಹುಡುಗ,
ಮೊದಲ ದಿನವೇ ಹೇಳಿದ: ಮೇಡಂ,
ನಮ್ಮಲ್ಲಿ ಮಾತಿನ ಬಾಲ ನೋಡಬೇಕು.
ಕಣ್ಣಾರೆ ಕಂಡದ್ದಾದರೆ ಅಲ್ಲೊಂದು ಮ್.
ಯಾರೋ ಹೇಳಿದ್ದಾದರೆ ಸ್.
ಯಾವುದನ್ನೂ ಹಚ್ಚದೆ ಬಿಟ್ಟರೆ
ಇವಳಿಗೆ ಇದು ಹೇಗೆ ಗೊತ್ತು ಅಂತ ಜನ ಮುಖ ನೋಡುತ್ತಾರೆ.

ಹೋದ ಆಗಸ್ಟಿನ ಒಂದು ರಾತ್ರಿ ಹಳೆಯ ಕ್ಯಾಸೆಟ್ಟು ಹಾಕಿದೆ.
ಅವಳ ಹಿಂದೆ ನಾಯಿ, ಯಾರೋ ಸೌದೆ ಒಡೆಯುವ ಸದ್ದು,
ಎಲ್ಲದರ ಮೇಲೆ ಟೇಪು ಸವೆಯುವ ಸ್‌ಸ್‌ಸ್.
ಸುಲ್ದಾದುಕುನ—
ನಿಲ್ಲಿಸಿದೆ. ಹಿಂದೆ ಓಡಿಸಿದೆ.
ಸುಲ್ದಾದುಕುನಮ್.
ಹನ್ನೊಂದು ಸಲ.
ಅವಳು ತುಟಿ ಮುಚ್ಚಿದ್ದಳು.
ಹಲ್ಲಿನ ಸದ್ದು ಯಂತ್ರದ್ದು.

ಬಸ್ಸು ಹದಿಮೂರು ಗಂಟೆ, ಆಮೇಲೆ ಲಾರಿ, ಆಮೇಲೆ ಕಾಲು.
ಅವಳು ಅಂಗಳದಲ್ಲಿ ಆಲೂಗಡ್ಡೆ ಆರಿಸುತ್ತಿದ್ದಳು,
ಬಿತ್ತನೆಯದ್ದು ಬಲಕ್ಕೆ, ಬೇಯಿಸುವುದು ಎಡಕ್ಕೆ.
ನನ್ನ ತೊದಲು ಕೆಚುವಾವನ್ನು ಕೊನೆತನಕ ಕೇಳಿ,
ಬಾಗಿಲ ಸಂದಿಯಲ್ಲಿದ್ದೆ, ಅಂದಳು.
ಒಬ್ಬನ ಬೂಟಿನ ದಾರ ಬಿಚ್ಚಿತ್ತು. ಕಟ್ಟಿಕೊಳ್ಳಲು ಬಗ್ಗಿದ.
ನನ್ನ ಮಗ ಕಾದು ನಿಂತಿದ್ದ, ಅವನು ಕಟ್ಟಿಕೊಳ್ಳುವವರೆಗೆ.
ಇದನ್ನು ಯಾಕೆ ಹೇಳಲಿಲ್ಲ, ಎಂದೆ.
ಟೇಪು ಮುಗಿಯಿತು ಅಂದಿರಿ.

ನಿನ್ನ ಪುಸ್ತಕ ದಪ್ಪವೇ, ಎಂದಳು.
ಬೆರಳಲ್ಲಿ ಅಳತೆ ತೋರಿಸಿದೆ.
ಅಷ್ಟರಲ್ಲಿ ಎಲಿಸೆಯೊ ಎಲ್ಲಿದ್ದಾನೆ?
ಸಾಕ್ಷಿಯ ಸುರಕ್ಷತೆಗಾಗಿ ಹೆಸರು ತೆಗೆದಿದ್ದೆವು.
ಅವನು ಅಲ್ಲಿ ‘ಕ’.
ಆ ನಿಯಮ ಒಳ್ಳೆಯದೇ, ನಾನೇ ಪಾಠ ಮಾಡಿದ್ದೇನೆ.
ಅಂಗಳದಲ್ಲಿ ಅದನ್ನು ಹೇಳಲು ಬಾಯಿ ಬರಲಿಲ್ಲ.

ಡೀನರ ಭಾಷಣದ ಕರಡು ಮೇಜಿನ ಮೇಲಿದೆ:
ಇವರು ಮೌನಕ್ಕೆ ದನಿ ಕೊಟ್ಟರು.
ಪೆನ್ಸಿಲ್ಲಿನಲ್ಲಿ ತಿದ್ದಿದ್ದೇನೆ: ಕೊಟ್ಟರಂತೆ.

ಕಚೇರಿಗೆ ಅರ್ಜಿ ಹೋಗಿ ಐದು ತಿಂಗಳು.
ಒಂದು ಅಕ್ಷರ ಹೊಸ ಪುರಾವೆಯೋ ಅಲ್ಲವೋ
ಎಂದು ಅವರಿನ್ನೂ ಯೋಚಿಸುತ್ತಿದ್ದಾರೆ.
ಬರೆಯುವಾಗ ನಾನೊಂದು ಸಾಲು ಸೇರಿಸಹೊರಟಿದ್ದೆ,
ಎಲಿಸೆಯೊನನ್ನು ಒಯ್ದರು, ಅಂತ, ನನ್ನ ಮಾತಾಗಿ.
ಫೋರ್ತುನಾತೊ ಕೈ ಹಿಡಿದ:
ನಿಮಗಿರುವುದು ಸ್ ಮಾತ್ರ, ಮೇಡಂ.

ಕೆಳಗೆ ಅವಳ ಹೆಬ್ಬೆಟ್ಟು.
ಅದರ ಕೆಳಗೆ, ಬರೆದುಕೊಂಡವರು ಎಂಬ ಜಾಗದಲ್ಲಿ,
ಪ್ರೊಫೆಸರು ಗಿಫೆಸರು ಏನೂ ಇಲ್ಲದೆ,
ನನ್ನ ಹೆಸರು.